ಬೆಚ್ಚಗಿನ ಬೂದಿಯ ಮೇಲೆ ನಾಲ್ಕು ಸೀಸೆ

ಆ ದಿನ ನಾನು ಹದಿನಾಲ್ಕು ಮಕ್ಕಳ ತೋಳಿಗೆ ಚುಚ್ಚಿದ್ದು ದಡಾರದ ಲಸಿಕೆಯೋ, ಬರೀ ನೀರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಇಷ್ಟು ವರ್ಷ ನರ್ಸ್ ಕೆಲಸ ಮಾಡಿದವಳು ಹೀಗೆ ಹೇಳಿದರೆ ಕೇಳಿದವರು ಏನಂದುಕೊಳ್ಳುತ್ತಾರೋ. ಅಂದುಕೊಳ್ಳಲಿ. ಗೊತ್ತಿಲ್ಲದ್ದನ್ನೆಲ್ಲ ಗೊತ್ತಿದೆ ಅಂತ ಹೇಳಿಯೇ ನಾನು ಈ ತಾಪತ್ರಯಕ್ಕೆ ಸಿಕ್ಕಿಕೊಂಡದ್ದು.

ಎಂಬತ್ತರ ದಶಕದ ನಡುವಿನ ಮಾತು. ನಾನು ಯಳಂದೂರಿನ ಹತ್ತಿರದ ಅಗರದವಳು. ಟ್ರೈನಿಂಗ್ ಮುಗಿದ ಮೇಲೆ ಮೊದಲ ಕೆಲಸ ಸಿಕ್ಕಿದ್ದು ಹನೂರಿನಿಂದ ಆಚೆ, ಲೊಕ್ಕನಹಳ್ಳಿಯ ದಿಕ್ಕಿಗೆ, ಕಾಡಂಚಿನ ಒಂದು ಊರಿನಲ್ಲಿ. ಊರಿನ ಹೆಸರು ಬೇಡ. ಅಲ್ಲಿ ಅರ್ಧ ಮನೆಗಳಲ್ಲಿ ಕನ್ನಡ, ಅರ್ಧ ಮನೆಗಳಲ್ಲಿ ತಮಿಳು, ಜಗಳ ಮಾತ್ರ ಎರಡರಲ್ಲೂ. ನಾನು ಬಂದ ಹೊಸದರಲ್ಲಿ ನನ್ನ ಬಿಳಿ ಸೀರೆ ಬೀದಿಯ ತುದಿಯಲ್ಲಿ ಕಂಡರೆ ಸಾಕು, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹಿತ್ತಲಿನಿಂದ ಹೊಲಕ್ಕೆ ನಡೆದುಬಿಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನಾನೇನು ಮಕ್ಕಳನ್ನು ಹಿಡಿಯುವವಳೇ ಎಂದು ಖಾಲಿ ಜಗಲಿಗಳ ಮುಂದೆ ನಿಂತು ಬೈಯುತ್ತಿದ್ದೆ. ಕೋಳಿಗಳು ಕೇಳಿಸಿಕೊಳ್ಳುತ್ತಿದ್ದವು.

ದಡಾರದ ಲಸಿಕೆ ಆಗಷ್ಟೇ ನಮ್ಮ ಕಡೆಗೆ ಬಂದಿತ್ತು. ಸಣ್ಣ ಸೀಸೆಯ ತಳದಲ್ಲಿ ಚಿಟಿಕೆಯಷ್ಟು ಪುಡಿ. ಅದಕ್ಕೆ ಇನ್ನೊಂದು ಸೀಸೆಯ ನೀರು ಬೆರೆಸಿ ಚುಚ್ಚಬೇಕು. ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಬಿಸಿಲು ತಾಗಬಾರದು, ಬಿಸಿ ತಾಗಬಾರದು. ಅದಕ್ಕಾಗಿ ಒಂದು ಐಸ್ ಡಬ್ಬಿ ಕೊಟ್ಟಿದ್ದರು. ಕೊಳ್ಳೇಗಾಲದಿಂದ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ಬಸ್ಸು ಬದಲಿಸಿ ಬರಬೇಕಿತ್ತು. ಮೀನು ತರುತ್ತಿದ್ದೀಯಾ ತಾಯಿ ಎಂದು ಕಂಡಕ್ಟರ್ ಪ್ರತಿ ಸಲವೂ ಕೇಳುತ್ತಿದ್ದ. ಟ್ರೈನಿಂಗಿನಲ್ಲಿ ಈ ತಣ್ಣಗಿನ ವಿಷಯವನ್ನು ನಮ್ಮ ತಲೆಗೆ ಎಷ್ಟು ತುಂಬಿದ್ದರೆಂದರೆ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಅಂತಲೇ ನಾನು ಅಂದುಕೊಂಡುಬಿಟ್ಟಿದ್ದೆ.

ಊರಿನ ಮಾರಮ್ಮನ ಗುಡಿಯ ಪಕ್ಕದಲ್ಲಿ ಒಬ್ಬ ಅಜ್ಜಿಯ ಮನೆ. ಯಾವ ಕೂಸಿನ ಮೈಮೇಲೆ ಗುಳ್ಳೆಯೋ ದದ್ದೋ ಎದ್ದರೂ ಮೊದಲು ಹೇಳಿಕಳಿಸುತ್ತಿದ್ದುದು ಆಕೆಗೆ. ಸಿಡುಬಾಗಲಿ ದಡಾರವಾಗಲಿ ಅವರ ಪಾಲಿಗೆ ಎಲ್ಲವೂ ಅಮ್ಮ ಬಂದಂತೆಯೇ. ಬಾಗಿಲಿಗೆ ಬೇವಿನ ಸೊಪ್ಪು ಯಾವತ್ತು ಕಟ್ಟಬೇಕು, ಒಗ್ಗರಣೆ ಯಾವತ್ತು ನಿಲ್ಲಿಸಬೇಕು, ಮಗುವಿಗೆ ಮೊದಲ ನೀರು ಯಾವತ್ತು ಹಾಕಬೇಕು, ಅಮ್ಮನಿಗೆ ಮೊಸರನ್ನದ ತಂಪು ಯಾವತ್ತು ಮಾಡಬೇಕು, ಎಲ್ಲಾ ಆಕೆಯೇ ಹೇಳಬೇಕು. ಆಕೆ ಬೇಡ ಎಂದರೆ ಊರಿನಲ್ಲಿ ಒಂದು ಮಗುವೂ ನನಗೆ ತೋಳು ಕೊಡುವುದಿಲ್ಲ ಎಂಬುದು ಮೂರು ತಿಂಗಳಿಗೆ ನನಗೆ ಅರ್ಥವಾಯಿತು.

ಆಮೇಲೆ ಆಕೆಯ ಜಗಲಿಗೇ ಅಂಟಿಕೊಂಡೆ. ಹೋದಾಗಲೆಲ್ಲ ಮಜ್ಜಿಗೆ ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ. ಒಂದು ದಿನ ರಾಗಿ ಕೇರುತ್ತಾ, ತಲೆ ಎತ್ತದೆ, ತನ್ನ ಎರಡು ಮಕ್ಕಳು ದಡಾರದಲ್ಲಿ ಒಂದೇ ವಾರದಲ್ಲಿ ಹೋದವೆಂದು ಹೇಳಿದಳು. ಉಳಿದದ್ದು ಒಬ್ಬ ಮಗ. ಅವನ ಒಂದೂವರೆ ವರ್ಷದ ಹೆಣ್ಣುಕೂಸು ಆಗ ನಮ್ಮಿಬ್ಬರ ನಡುವೆ ಕೂತು ಮೊರದಿಂದ ರಾಗಿ ತೆಗೆದು ತಲೆಯ ಮೇಲೆ ಸುರಿದುಕೊಳ್ಳುತ್ತಿತ್ತು. ಅಜ್ಜಿ ಅದನ್ನೇ ನೋಡುತ್ತಾ ಕೇಳಿದಳು.

"ಇದ ಆಕುಸ್ಬುಟ್ರೆ ಆ ತಾಯಿ ಬರಾದೇ ಇಲ್ವ ಮಗ?"

"ಬರಲ್ಲ ಕಣವ್ವ. ಒಂದ್ ಸತಿ ಆಕುಸುದ್ರೆ ಮುಗೀತು. ನಾನಿವ್ನಿ," ಎಂದೆ. ಎಂದವಳು ಸುಮ್ಮನಿರದೆ ಕೂಸಿನ ತಲೆಯ ಮೇಲೆ ಕೈ ಬೇರೆ ಇಟ್ಟೆ. ಇಪ್ಪತ್ತೆರಡು ವರ್ಷದ ಹುಡುಗಿ ನಾನು. ಬರೀ ಪುಸ್ತಕದ ಧೈರ್ಯ.

ಅಜ್ಜಿ ಒಪ್ಪಿದಳು. ಔಷಧಿಯನ್ನು ಮೊದಲು ಅಮ್ಮನ ಮುಂದೆ ಇಟ್ಟು ಕೇಳಬೇಕು, ಅದೊಂದೇ ಮಾತು ಎಂದಳು. ಇಟ್ಟು ಕೇಳಿ, ಅದಕ್ಕೇನಂತೆ ಎಂದೆ. ಒಂದು ಸೀಸೆಗೆ ಕುಂಕುಮ ಇಟ್ಟರೆ ಲಸಿಕೆಗೇನು ಕೇಡು ಎಂದುಕೊಂಡೆ.

ಗೊತ್ತು ಮಾಡಿದ ದಿನ ಮಾಗಿಯ ಚಳಿ. ಡಬ್ಬಿ ಹೊತ್ತು ನಾನು ಬಂದಾಗ ಹನ್ನೊಂದು ಗಂಟೆಯಾದರೂ ಊರು ಇನ್ನೂ ಕಂಬಳಿ ಹೊದ್ದು ಓಡಾಡುತ್ತಿತ್ತು. ಆಗೆಲ್ಲ ಗಾಜಿನ ಸಿರಿಂಜು. ಸೂಜಿ, ಸಿರಿಂಜನ್ನು ಅಲ್ಲಲ್ಲೇ ಕುದಿಸಿಕೊಳ್ಳಬೇಕಿತ್ತು. ಗುಡಿಯ ಪಕ್ಕದಲ್ಲಿ ಅಜ್ಜಿಯ ಹೊರಗಿನ ಒಲೆ ಉರಿಯುತ್ತಿತ್ತು. ಪಾತ್ರೆ ಇಟ್ಟು, ಚೆನ್ನಾಗಿ ಕುದಿಯಬೇಕು, ನೋಡಿಕೊಂಡಿರಿ ಎಂದು ಆಕೆಗೆ ಹೇಳಿದೆ. ಐಸ್ ಡಬ್ಬಿಯನ್ನು ಗುಡಿಯ ನೆರಳಿನಲ್ಲಿ ಇಟ್ಟು ತಾಯಂದಿರನ್ನು ಕರೆಯಲು ಮನೆ ಮನೆಗೆ ಹೋದೆ.

ಅವತ್ತು ಯಾರೂ ಹಿತ್ತಲಿಗೆ ಓಡಲಿಲ್ಲ. ಅಜ್ಜಿಯ ಮಾತು ಅಷ್ಟು ನಡೆಯುತ್ತಿತ್ತು. ಹದಿನಾಲ್ಕು ತಾಯಂದಿರು ಮಕ್ಕಳ ಮುಖ ತೊಳೆದು, ಹಣೆಗೆ ಬೊಟ್ಟಿಟ್ಟು, ನನ್ನ ಹಿಂದೆ ಹೊರಟರು. ನನಗೆ ನೆಲ ಕಾಣಿಸಲಿಲ್ಲ ಅನ್ನಿ, ಅಷ್ಟು ಹಿಗ್ಗು. ಗುಡಿಯ ಹತ್ತಿರ ಬಂದು ನೋಡಿದರೆ ಡಬ್ಬಿಯ ಮುಚ್ಚಳ ತೆಗೆದಿತ್ತು. ಒಲೆಯಿಂದ ಮುಂದಕ್ಕೆ ಎಳೆದ ಬಿಸಿ ಬೂದಿಯ ಮೇಲೆ ಒಂದು ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಬೇವಿನ ಎಲೆ. ಎಲೆಯ ಮೇಲೆ ನನ್ನ ನಾಲ್ಕು ಸೀಸೆಗಳು ಕುಂಕುಮ ಇಟ್ಟುಕೊಂಡು ಸಾಲಾಗಿ ನಿಂತಿದ್ದವು.

"ಅಮ್ಮುನ್ನ ಕೇಳಿವ್ನಿ ಮಗ, ಆಗ್ಲಿ ಅಂದವ್ಳೆ," ಎಂದಳು ಅಜ್ಜಿ. "ಸೀಸೆ ಮುಟ್ಟುದ್ರೆ ಕೈ ಕೊರೀತಿತ್ತು. ಸೂಜಿಯ ಕುದುಸ್ತಿಯ, ಔಸ್ದಿಯ ಮಾತ್ರ ಅಷ್ಟ್ ತಣ್ಣಗ್ ಮಡಗಿದ್ದಿಯಲ್ಲ. ಈ ಚಳೀಲಿ ಅದ ಚುಚ್ಚುದ್ರೆ ಕೂಸ್ಗಳ್ಗೆ ಸೀತ ಆಗಲ್ವ? ಅದ್ಕೆ ವಸಿ ಬೆಚ್ಚಗ್ ಮಾಡ್ದಿ."

ಒಂದು ಸೀಸೆ ಮುಟ್ಟಿ ನೋಡಿದೆ. ಕೂಸಿನ ತಲೆಗೆ ಹಾಕುವ ಎಣ್ಣೆಯಷ್ಟು ಹದವಾಗಿ ಬೆಚ್ಚಗಿತ್ತು. ಎಷ್ಟು ಹೊತ್ತಾಯಿತು ಎಂದು ಕೇಳಿದರೆ, ನೀನು ಹೋದಾಗಿನಿಂದ ಎಂದಳು. ನಾನು ಹೋಗಿ ಒಂದು ಗಂಟೆಯಾಗಿತ್ತೋ, ಹೆಚ್ಚಾಗಿತ್ತೋ. ಆದರೆ ಪೂಜೆಗೂ ಸ್ವಲ್ಪ ಹೊತ್ತು ಹಿಡಿದಿರಬೇಕಲ್ಲ. ಬೂದಿಯ ಮೇಲೆ ಇಟ್ಟದ್ದು ಯಾವಾಗ? ಬೂದಿಯ ಬಿಸಿ ತಟ್ಟೆಗೆ ಏರಿ, ತಟ್ಟೆಯಿಂದ ಸೀಸೆಗೆ ಏರುವುದಕ್ಕೆ ಎಷ್ಟು ಹೊತ್ತು ಬೇಕು? ಪುಡಿಗೆ ಇನ್ನೂ ನೀರು ಬೆರೆಸಿರಲಿಲ್ಲ, ಪುಡಿ ಸ್ವಲ್ಪ ತಡೆಯುತ್ತದೆ ಎಂದು ಟ್ರೈನಿಂಗಿನಲ್ಲಿ ಯಾರೋ ಹೇಳಿದ್ದ ನೆನಪು. ತಡೆಯುವುದಿಲ್ಲ ಎಂದು ಹೇಳಿದ್ದೂ ನೆನಪು.

ಹಾಕಬಾರದಿತ್ತು. ಅನುಮಾನವಿದ್ದರೆ ಹಾಕಬೇಡಿ ಎಂದೇ ನಮಗೆ ಕಲಿಸಿದ್ದರು. ಆದರೆ ಹದಿನಾಲ್ಕು ತಾಯಂದಿರು ಮಕ್ಕಳ ತೋಳು ಬಿಚ್ಚಿ ಕೂತಿದ್ದರು. ಔಷಧಿ ಕೆಟ್ಟಿದೆ ಎಂದರೆ ಏನರ್ಥ? ಅಮ್ಮನ ಮುಂದೆ ಇಟ್ಟು ಕೇಳಿದ ಮೇಲೆ ಕೆಟ್ಟಿತು ಎಂದರೆ, ಅಮ್ಮ ಬೇಡವೆಂದಳು ಎಂದೇ ಅರ್ಥ. ಆ ಊರಿನಲ್ಲಿ ಮತ್ತೆ ಸೂಜಿ ತೆಗೆಯುವ ಹಾಗಿರಲಿಲ್ಲ. ಅಜ್ಜಿಯ ಮುಖಕ್ಕೂ ಮಸಿ. ಇವೆಲ್ಲ ದೊಡ್ಡ ಕಾರಣಗಳು, ಹೇಳಿಕೊಳ್ಳಲು ಚೆನ್ನಾಗಿವೆ. ನಾಲ್ಕು ಸೀಸೆ ಹಾಳು ಮಾಡಿಕೊಂಡು ಬಂದೆಯಾ ಎಂದು ಮೇಲಿನವರು ಬೈಯುತ್ತಾರೆ ಅನ್ನುವ ಭಯವೂ ಇತ್ತು. ಅದನ್ನು ಬಿಟ್ಟು ಹೇಳಿದರೆ ಸುಳ್ಳಾಗುತ್ತದೆ.

ಸೀಸೆಗಳನ್ನು ಡಬ್ಬಿಯೊಳಗೆ ಇಟ್ಟು ಹತ್ತು ನಿಮಿಷ ಕಾದೆ. ಕೆಟ್ಟ ಹಾಲು ತಣ್ಣಗಾದರೆ ಸರಿಹೋಗುತ್ತದೆಯೇ? ಆದರೂ ಕಾದೆ. ಆಮೇಲೆ ನೀರು ಬೆರೆಸಿ ಹದಿನಾಲ್ಕು ತೋಳಿಗೂ ಚುಚ್ಚಿದೆ. ಮೊದಲನೆಯದು ಅಜ್ಜಿಯ ಮೊಮ್ಮಗಳ ತೋಳು. ಕಾರ್ಡಿನಲ್ಲಿ ಗುರುತು ಹಾಕಿ ಕೊಟ್ಟೆ.

ಮುಂದಿನ ತಿಂಗಳು ಹೊಸ ಸೀಸೆ ತಂದು ಎಲ್ಲರಿಗೂ ಇನ್ನೊಂದು ಸಲ ಹಾಕಿಬಿಡುವುದು ಎಂದು ಲೆಕ್ಕ ಹಾಕಿದ್ದೆ. ತಂದೆ ಕೂಡ. ತಾಯಂದಿರು ಕಾರ್ಡು ತಂದು ನನ್ನ ಮುಂದೆ ಹಿಡಿದರು. ಒಂದು ಸಲ ಹಾಕಿಸಿದರೆ ಮುಗೀತು ಎಂದವಳು ನೀನೇ, ಗುರುತು ಹಾಕಿದವಳೂ ನೀನೇ, ಮತ್ತೆ ಯಾಕೆ ಎಂದು ಕೇಳಿದರು. ಉತ್ತರ ಕೊಡಬೇಕಾದರೆ ಬೂದಿಯ ಕಥೆ ಹೇಳಬೇಕಿತ್ತು. ಬಾಯಿ ತೆರೆದೆ, ಏನೋ ತೊದಲಿದೆ, ಡಬ್ಬಿ ಎತ್ತಿಕೊಂಡು ಬಂದೆ. ಅಜ್ಜಿ ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅವತ್ತೂ ಮಜ್ಜಿಗೆ ಕೊಟ್ಟಳು.

ಬೇಸಿಗೆಯಲ್ಲಿ ದಡಾರ ಬಂತು. ಗಡಿಯಾಚೆ ಒಂದು ಮದುವೆಗೆ ಹೋಗಿ ಬಂದ ಕುಟುಂಬದ ಹುಡುಗಿಗೆ ನೆಗಡಿ, ಕೆಮ್ಮು, ಕೆಂಪು ಕಣ್ಣು. ಮದುವೆಯ ಧೂಳು, ನಿದ್ದೆಗೆಟ್ಟದ್ದು ಎಂದುಕೊಂಡರು. ಮೂರು ನಾಲ್ಕು ದಿನ ಆ ಹುಡುಗಿ ಮನೆ ಮನೆಯಲ್ಲೂ ಆಡಿದಳು, ಎಲ್ಲರ ಮಕ್ಕಳ ಜೊತೆ ಒಂದೇ ಚಾಪೆಯಲ್ಲಿ ಮಲಗಿದಳು. ಆಮೇಲೆ ಕಿವಿಯ ಹಿಂದೆ ದದ್ದು ಕಾಣಿಸಿತು. ಆಗ ಬಾಗಿಲಿಗೆ ಬೇವು ಕಟ್ಟಿದರು, ಹೊರಗಿನವರನ್ನು ದೂರ ಇಟ್ಟರು. ದೂರ ಇಡುವುದೇನೋ ಸರಿಯೇ. ಆದರೆ ದದ್ದು ಏಳುವ ನಾಲ್ಕು ದಿನ ಮೊದಲೇ ಆ ಕೆಮ್ಮಿನಲ್ಲಿ, ಸೀನಿನಲ್ಲಿ ದಡಾರ ಹರಡಿ ಆಗಿರುತ್ತದೆ. ಹತ್ತು ಹನ್ನೆರಡು ದಿನಕ್ಕೆ ಊರಿನಲ್ಲಿ ಎಲ್ಲಿ ನೋಡಿದರೂ ಬೇವಿನ ಸೊಪ್ಪು.

ನನ್ನ ಹದಿನಾಲ್ಕರಲ್ಲಿ ಐದು ಮಕ್ಕಳಿಗೆ ಬಂತು. ಐದರಲ್ಲಿ ಒಂದು ಅಜ್ಜಿಯ ಮೊಮ್ಮಗಳು.

ಓಡಿದೆ. ಚೀಲದಲ್ಲಿ ಕಣ್ಣಿಗೆ ಒಳ್ಳೆಯದಾದ ಎ ವಿಟಮಿನ್ನಿನ ಸಿರಪ್ ಇತ್ತು. ದಡಾರವೆದ್ದ ಮಗುವಿಗೆ ಅದನ್ನು ಬೇಗ ಕುಡಿಸಬೇಕು, ಇಲ್ಲದಿದ್ದರೆ ಕಣ್ಣಿಗೆ ಅಪಾಯ. ಅಜ್ಜಿ ಬೇವಿನ ಸೊಪ್ಪಿನ ಒಳಗಡೆ ನಿಂತಳು, ನಾನು ಹೊರಗಡೆ. ಬಿಸಿಲಿನಲ್ಲಿ ನಡೆದು ಬಂದವಳು ಒಳಗೆ ಬರಬಾರದು, ಮೊದಲ ನೀರು ಹಾಕುವ ತನಕ ಹೊರಗಿನ ಔಷಧಿಯೂ ಬೇಡ ಎಂದಳು. ಗದರಿಸಿ ಒಳಗೆ ನುಗ್ಗುವ ಜಾತಿಯವಳು ನಾನು. ಅವತ್ತು ಹೊಸಿಲು ದಾಟಲಿಲ್ಲ. ನಾನು ಕೊಟ್ಟ ಮಾತು ಒಳಗೆ ಜ್ವರದಲ್ಲಿ ನರಳುವುದು ಕೇಳಿಸುತ್ತಿತ್ತು. ಯಾವ ಮುಖ ಇಟ್ಟುಕೊಂಡು ಇನ್ನೊಂದು ಔಷಧಿ ನಂಬು ಎನ್ನಲಿ? ಆದರೂ ಮೂರು ದಿನ ಹೋಗಿ ಬಾಗಿಲಲ್ಲಿ ನಿಂತೆ. ಒಂಬತ್ತನೆಯ ದಿನ ಬೇವಿನ ನೀರು ಹಾಕಿ, ಮೊಸರನ್ನ ಮಾಡಿ ಹಂಚಿದ ಮೇಲೆ ಒಳಗೆ ಬಿಟ್ಟಳು. ಸಿರಪ್ ಕುಡಿಸಿದೆ. ಕೂಸು ಉಳಿಯಿತು. ಎಡಗಣ್ಣಿಗೆ ಹೂವು ಬಿದ್ದಿತ್ತು.

ಹೂವು ಅನ್ನುತ್ತಾರೆ. ಕಪ್ಪು ಗುಡ್ಡೆಯ ಮೇಲೆ ಬಿಳಿ ಪೊರೆ. ನಾನು ಬಚ್ಚಲಿಗೆ ಹೋಗಿ ಅತ್ತೆ.

ತಲೆ ಕೆಟ್ಟದ್ದು ಆಮೇಲೆ. ಸೀಸೆ ಕೆಟ್ಟಿದ್ದರೆ ಹದಿನಾಲ್ಕಕ್ಕೂ ಬರಬೇಕಿತ್ತಲ್ಲ? ಚೆನ್ನಾಗಿದ್ದರೆ ಒಂದಕ್ಕೂ ಬರಬಾರದಿತ್ತು. ಒಂಬತ್ತು ಮಕ್ಕಳು ಯಾಕೆ ಉಳಿದವು? ನಾಲ್ಕರಲ್ಲಿ ಒಂದೆರಡು ಸೀಸೆ ಒಲೆಗೆ ಹತ್ತಿರ ಇದ್ದವೇ? ಯಾವ ಮಗುವಿಗೆ ಯಾವ ಸೀಸೆಯದು ಹಾಕಿದೆ ಎಂದು ಬರೆದುಕೊಂಡಿರಲಿಲ್ಲ. ನಮ್ಮ ಡಾಕ್ಟರರನ್ನು ಸುತ್ತುಬಳಸಿ ಕೇಳಿದೆ. ಲಸಿಕೆ ಚೆನ್ನಾಗಿದ್ದರೂ ಕೆಲವು ಮಕ್ಕಳ ಮೈಗೆ ಅದು ಹಿಡಿಯುವುದಿಲ್ಲ, ಬಿಸಿ ತಾಗಿದರೆ ಹಿಡಿಯದವರು ಹೆಚ್ಚಾಗುತ್ತಾರೆ, ಬಿಸಿ ತಾಗಿದರೂ ಪೂರ್ತಿ ಕೆಡಬೇಕೆಂದೇನೂ ಇಲ್ಲ ಎಂದರು. ಯಾಕಮ್ಮ, ಏನಾದರೂ ಆಯಿತಾ ಎಂದು ಕೇಳಿದರು. ಇಲ್ಲ ಸರ್, ಸುಮ್ಮನೆ ಎಂದೆ.

ಊರಿನವರು ನನ್ನನ್ನು ಬೈಯಲು ಕಾಯುತ್ತಿದ್ದರು. ಅಜ್ಜಿ ಬೈಯಲು ಬಿಡಲಿಲ್ಲ. ಅಮ್ಮನನ್ನು ಕೇಳುವ ಕ್ರಮದಲ್ಲಿ ತಾನೇ ತಪ್ಪಿದ್ದು, ನರ್ಸಮ್ಮನದೇನೂ ಇಲ್ಲ ಎಂದುಬಿಟ್ಟಳು. ನಾನು ಅಲ್ಲೇ ನಿಂತಿದ್ದೆ. ಇಲ್ಲ ಕಣವ್ವ ಎನ್ನಲು ಎರಡು ಉಸಿರು ಸಾಕಿತ್ತು. ಅನ್ನಲಿಲ್ಲ. ಮೊಮ್ಮಗಳ ಕಣ್ಣಿನ ಪಾಪವನ್ನು ಆ ಮುದುಕಿಯ ತಲೆಯ ಮೇಲೆ ಬಿಟ್ಟು ಬಂದೆ. ನನ್ನ ಮೇಲೆ ನನಗೆ ಆದಷ್ಟು ಅಸಹ್ಯ ಇನ್ಯಾರ ಮೇಲೂ ಆಗಿಲ್ಲ.

ಆಮೇಲೆ ಆ ಊರಿನಲ್ಲಿ ಆರು ವರ್ಷ ಇದ್ದೆ. ಐಸ್ ಡಬ್ಬಿಯನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ. ಮನೆ ಮನೆಗೂ ಹೆಗಲಿಗೆ ಹಾಕಿಕೊಂಡೇ ಹೋಗುತ್ತಿದ್ದೆ, ಕೂತರೆ ಒದ್ದೆ ಬಟ್ಟೆ ಹೊದಿಸಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದೆ. ಯಾಕೆಂದು ಯಾರಿಗೂ ಹೇಳಲಿಲ್ಲ. ಒಂದು ಸಲವೂ, ಇದು ತಣ್ಣಗಿರಬೇಕು ಅವ್ವ ಎಂದು ಅಜ್ಜಿಗೆ ಹೇಳಲಿಲ್ಲ. ಮೊದಲೇ ಹೇಳಿದ್ದರೆ ಆಕೆಗಿಂತ ಚೆನ್ನಾಗಿ ಯಾರು ಕಾಯುತ್ತಿದ್ದರು? ಜೀವನವೆಲ್ಲ ಮೊಸರು, ಬೇವು, ಒದ್ದೆ ಬಟ್ಟೆ ಹಿಡಿದು ಅಮ್ಮನನ್ನು ತಂಪು ಮಾಡಿದವಳು. ನನಗೆ ಅದು ಹೊಳೆದದ್ದು ಕಾಲ ಮಿಂಚಿದ ಮೇಲೆ.

ಅರ್ಥವಾಗದ ಇನ್ನೊಂದು ಸಂಗತಿ ಎಂದರೆ, ಆ ಆರು ವರ್ಷವೂ ಅಜ್ಜಿಯೇ ಮುಂದೆ ನಿಂತು ತಾಯಂದಿರನ್ನು ನನ್ನ ಹತ್ತಿರ ಕಳಿಸುತ್ತಿದ್ದಳು. ಮೊದಮೊದಲು ಸೊಂಟದ ಮೇಲೆ, ಆಮೇಲೆ ಸೆರಗು ಹಿಡಿದು ಒಂದು ಕಣ್ಣಿನ ಮೊಮ್ಮಗಳು, ಬಾಯಲ್ಲಿ ಮಾತ್ರ, ಓಗಿ ಆಕುಸ್ಕಳಿ ಎಂಬ ಮಾತು. ಆದರೆ ಮತ್ತೆ ಯಾವತ್ತೂ ಔಷಧಿಯನ್ನು ಅಮ್ಮನ ಮುಂದೆ ಇಡು ಎಂದು ಕೇಳಲಿಲ್ಲ. ಡಬ್ಬಿಯ ಹತ್ತಿರವೂ ಸುಳಿಯಲಿಲ್ಲ. ದೂರದಲ್ಲಿ ಕೂತು ನನ್ನ ಒದ್ದೆ ಬಟ್ಟೆಯನ್ನು ನೋಡುತ್ತಿದ್ದಳು.

ಅಲ್ಲಿಂದ ಶಾಗ್ಯದ ಕಡೆಗೆ, ಶಾಗ್ಯದಿಂದ ಕೊಳ್ಳೇಗಾಲದ ಹತ್ತಿರಕ್ಕೆ ವರ್ಗವಾಯಿತು. ನನ್ನ ಮದುವೆ, ಮಕ್ಕಳು, ಮಂಡಿನೋವು. ಅಜ್ಜಿ ತೀರಿಹೋದಳು ಎಂದು ಬಸ್ಸಿನಲ್ಲಿ ಯಾರೋ ಹೇಳಿದಾಗ ಎರಡು ದಿನ ಊಟ ಸೇರಲಿಲ್ಲ. ಹೋಗಬೇಕಿತ್ತು. ಇನ್ನು ಬೂದಿಯ ಕಥೆ ಹೇಳಬೇಕಾದವರು ಯಾರೂ ಇಲ್ಲ, ಬದುಕಿದೆ ಎಂದೂ ಒಂದು ಕ್ಷಣ ಅನಿಸಿತು. ಎರಡೂ ನಿಜ.

ಎರಡು ಸಾವಿರದ ನಾಲ್ಕರಲ್ಲಿ ಒಂದು ಬೆಳಿಗ್ಗೆ, ಕೊಳ್ಳೇಗಾಲದ ಹತ್ತಿರದ ಹಳ್ಳಿಯ ಅಂಗನವಾಡಿಯಲ್ಲಿ ಲಸಿಕೆ ಹಾಕುತ್ತಿದ್ದೆ. ಸಾಲಿನಲ್ಲಿ ಇಪ್ಪತ್ತರ ಹೆಣ್ಣುಮಗಳೊಬ್ಬಳು ಒಂಬತ್ತು ತಿಂಗಳು ತುಂಬಿದ ಕೂಸನ್ನು ಎತ್ತಿಕೊಂಡು ಬಂದು ಕೂತಳು. ಕೂಸನ್ನು ನೋಡುತ್ತಿದ್ದವಳು ಮೇಲೆ ನೋಡಿದೆ. ಎಡಗಣ್ಣಿನಲ್ಲಿ ಹೂವು. ಈ ಹಳ್ಳಿಗೇ ಮದುವೆಯಾಗಿ ಬಂದಿದ್ದಳು. ನನ್ನ ಗುರುತು ಅವಳಿಗೆ ಹತ್ತಲಿಲ್ಲ, ಹತ್ತಿದ್ದರೂ ಮುಖದಲ್ಲಿ ತೋರಿಸಲಿಲ್ಲ. ನಾನು ಸೀಸೆ ಕೈಗೆ ತೆಗೆದುಕೊಂಡೆ. ಅವಳು ಅಂಗೈ ಚಾಚಿದಳು.

"ಸೀಸೆ ವಸಿ ಕೊಡಿ ಸಿಸ್ಟರ್. ಮುಟ್ನೋಡ್ತೀನಿ."

ಯಾಕೆ ಎಂದೆ.

"ನಮ್ಮಜ್ಜಿ ಏಳಿತ್ತು. ಸಾಯಗಂಟ ಏಳ್ತಿತ್ತು. ನಿನ್ ಕೂಸಿಗೆ ಆಕುಸ್ವಾಗ ಸೀಸೆ ಮುಟ್ನೋಡು, ಬೆಚ್ಚಗಿದ್ರೆ ಆಕುಸ್ಬೇಡ ಅಂತ."

ಅಜ್ಜಿಗೆ ಗೊತ್ತಿತ್ತು. ಯಾವಾಗ ಗೊತ್ತಾಯಿತು? ನಾನು ಸೀಸೆ ಮುಟ್ಟಿದಾಗ ನನ್ನ ಮುಖ ನೋಡಿಯೇ? ಮುಂದಿನ ತಿಂಗಳು ಮತ್ತೆ ಹಾಕುತ್ತೇನೆಂದು ತೊದಲಿದಾಗಲೇ? ಒದ್ದೆ ಬಟ್ಟೆ ನೋಡಿ ನೋಡಿಯೇ? ಗೊತ್ತಿದ್ದರೆ ನನ್ನನ್ನು ಯಾಕೆ ಕೇಳಲಿಲ್ಲ? ಬೆಚ್ಚಗೆ ಮಾಡಿದವಳು ತಾನು ಎಂದು ತನ್ನನ್ನೇ ಬೈದುಕೊಂಡಳೇ, ಗೊತ್ತಿದ್ದೂ ಚುಚ್ಚಿದವಳು ಇವಳು ಎಂದು ನನ್ನನ್ನು ಬೈದಳೇ? ಹಾಗಿದ್ದರೆ ಅಷ್ಟು ಮಜ್ಜಿಗೆ ಯಾಕೆ ಕೊಟ್ಟಳು?

ಸಾಲಿನಲ್ಲಿ ಇನ್ನೂ ಏಳೆಂಟು ಜನ ಇದ್ದರು. ಅವರ ಮುಂದೆಯೇ ಹೇಳಿದೆ. ನಿನ್ನ ತವರೂರಿನಲ್ಲಿ ಆಗ ಇದ್ದ ನರ್ಸು ನಾನೇ ಎಂದೆ. ಅವತ್ತು ಸೀಸೆ ಬೆಚ್ಚಗಾಗಿದ್ದು ಗೊತ್ತಿದ್ದೂ ನಿನಗೆ ಚುಚ್ಚಿದೆ, ಅಜ್ಜಿಯದು ತಪ್ಪಿಲ್ಲ, ತಣ್ಣಗಿರಬೇಕೆಂದು ನಾನು ಆಕೆಗೆ ಹೇಳಿಯೇ ಇರಲಿಲ್ಲ ಎಂದೆ. ಅವಳು ಒಂದು ಕಣ್ಣಿನಲ್ಲಿ ನನ್ನನ್ನು ನೋಡುತ್ತಾ ಕೂಸನ್ನು ಎದೆಗೆ ಸರಿಸಿಕೊಂಡಳು. ಸಿಟ್ಟೋ, ಮರುಕವೋ ನನಗೆ ತಿಳಿಯಲಿಲ್ಲ. ಕೂಸನ್ನು ಎತ್ತಿಕೊಂಡು ಎದ್ದು ಹೋಗುತ್ತಾಳೆ ಎಂದುಕೊಂಡೆ.

"ಈಗ ಈ ಕೂಸಿಗೆ ಬರಾದಿಲ್ವ?" ಎಂದು ಕೇಳಿದಳು. ಅವಳ ಅಜ್ಜಿ ಕೇಳಿದ್ದ ಅದೇ ಪ್ರಶ್ನೆ.

ನಾನಿದ್ದೇನೆ ಎನ್ನಲಿಲ್ಲ. ಕೂಸಿನ ತಲೆ ಮುಟ್ಟಲಿಲ್ಲ. "ಬಹಳ ಮಟ್ಟಿಗೆ ಬರಲ್ಲ ಕಣವ್ವ," ಎಂದೆ. "ಒಂದೊಂದು ಮಗುವಿಗೆ ಹಾಕುಸುದ್ರೂ ಬರ್ಬೋದು. ಹಾಕುಸ್ದೆ ಇದ್ರೆ ಬರಾದು ಗ್ಯಾರಂಟಿ ಅಂತ ಇಟ್ಕೊ. ಬಂದ್ರೆ ಬಾಗ್ಲಾಕ್ಕೊಬೇಡ, ನಂಗೇಳಿಕಳ್ಸು."

ಅವಳು ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕೆನ್ನೆಗೆ ಒತ್ತಿ ಹಿಡಿದಳು. ಒಳ್ಳೆಯ ಕಣ್ಣು ಮುಚ್ಚಿತ್ತು, ಹೂವು ಬಿದ್ದ ಕಣ್ಣು ಅರೆ ತೆರೆದೇ ಇತ್ತು.

"ತಣ್ಣಗಂತೂ ಅದ," ಎಂದು ಸೀಸೆಯನ್ನು ನನ್ನ ಅಂಗೈಯಲ್ಲಿ ಇಟ್ಟಳು. "ಆಕಿ ಸಿಸ್ಟರ್."

ಕೂಸಿನ ತೋಳಿನ ಅಂಗಿಯನ್ನು ಅವಳೇ ಮೇಲಕ್ಕೆ ಸುತ್ತಿ ಹಿಡಿದುಕೊಂಡಳು.